ಮೆಟ್ಟಿಲು ಎಷ್ಟು?

ನೀವು ಏನು ಕೆಲಸ ಮಾಡುತ್ತೀರಿ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ನನಗೆ ಥಟ್ಟನೆ ಹೇಳಲು ಬರುವುದಿಲ್ಲ. ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯೊಂದರಲ್ಲಿ 'ರಿಕನ್ಸಿಲಿಯೇಷನ್' ಎಂಬ ವಿಭಾಗ ನನ್ನದು. ಒಂದೇ ವ್ಯವಹಾರ ಎರಡು ಕಡೆ ದಾಖಲಾಗಿರುತ್ತದೆ. ಈ ಕಡೆಯ ಸಾಲಿಗೂ ಆ ಕಡೆಯ ಸಾಲಿಗೂ ತಾಳೆ ಆಗಬೇಕು. ಆಗದಿದ್ದರೆ ಅದನ್ನು 'ಬ್ರೇಕ್' ಎನ್ನುತ್ತೇವೆ, ತಪ್ಪು ಯಾವ ಕಡೆ ಇದೆ ಎಂದು ಹುಡುಕುತ್ತೇವೆ. ಹದಿನಾಲ್ಕು ವರ್ಷಗಳಿಂದ ಪುಣೆಯಲ್ಲಿ ಕೂತು ನಾನು ಮಾಡುತ್ತಿರುವುದು ಇಷ್ಟೇ: ಎರಡು ಲೆಕ್ಕ ಹೊಂದದಿದ್ದರೆ ಅದರಲ್ಲಿ ಒಂದು ಸುಳ್ಳು ಎಂದು ನಂಬುವುದು.

ಈ ನಂಬಿಕೆಯನ್ನು ಸ್ವಲ್ಪ ಅಲುಗಾಡಿಸಿದ ಒಂದು ಕಾದಂಬರಿಯ ಬಗ್ಗೆ ಈ ಸಲ ಬರೆಯಬೇಕು ಅನಿಸಿದೆ. ಲೀಸಾ ಸೀ ಬರೆದ 'ಶಾಂಘೈ ಗರ್ಲ್ಸ್'. 2009ರಲ್ಲಿ ಬಂದ ಪುಸ್ತಕ, ಹೊಸದೇನಲ್ಲ. ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಮನೆ ಖಾಲಿ ಮಾಡಿಕೊಂಡು ಹೋಗುವವರು ಪುಸ್ತಕ ಬಿಟ್ಟುಹೋಗುವ ಒಂದು ಕಪಾಟಿದೆ. ಅಡುಗೆ ಪುಸ್ತಕಗಳ ಮತ್ತು ಹಳೆಯ ಪ್ರವೇಶ ಪರೀಕ್ಷೆಯ ಗೈಡುಗಳ ನಡುವೆ ಇದು ಸಿಕ್ಕಿತು. ಹಿಂಜೆವಾಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಅದಕ್ಕಿಂತ ಹೆಚ್ಚು ಹೊತ್ತು ಕೂರುವವರಿಗೆ ದಪ್ಪ ಪುಸ್ತಕ ಎಂದರೆ ಭಯವಿಲ್ಲ. ಒಂಬತ್ತು ದಿನಕ್ಕೆ ಮುಗಿಯಿತು. ಕೊನೆಯ ದಿನ ಬಸ್ಸಿನಲ್ಲಿ ಕಣ್ಣೊರೆಸಿಕೊಂಡೆ. ಪಕ್ಕದ ಸೀಟಿನ ಹುಡುಗ, ಅಪ್ರೈಸಲ್ ಫಲಿತಾಂಶ ಬಂತಾ ಎಂದು ಕೇಳಿದ.

ಮುಂದೆ ಕತೆಯನ್ನು ಪೂರ್ತಿ ಹೇಳಲಿದ್ದೇನೆ. ಕೊನೆ ಮೊದಲೇ ಗೊತ್ತಾಗಬಾರದು ಎನ್ನುವವರು ಪುಸ್ತಕ ಓದಿ ಆಮೇಲೆ ಈ ಅಂಕಣಕ್ಕೆ ಬನ್ನಿ.

1937ರ ಶಾಂಘೈ. ಚಿನ್ ಎಂಬ ಸ್ಥಿತಿವಂತ ಮನೆತನದ ಇಬ್ಬರು ಹೆಣ್ಣುಮಕ್ಕಳು. ಅಕ್ಕ ಪರ್ಲ್‌ಗೆ ಇಪ್ಪತ್ತೊಂದು, ತಂಗಿ ಮೇಗೆ ಹದಿನೆಂಟು. ಅಪ್ಪನಿಗೆ ರಿಕ್ಷಾ ವ್ಯಾಪಾರ. ಮನುಷ್ಯರು ಎಳೆಯುವ ರಿಕ್ಷಾಗಳನ್ನು ಬಾಡಿಗೆಗೆ ಬಿಡುವುದು. ಅಮ್ಮನದು ಹಳೆಯ ಪದ್ಧತಿಯಂತೆ ಬಾಲ್ಯದಲ್ಲೇ ಕಟ್ಟಿ ಮುರಿದ ಪುಟ್ಟ ಪಾದಗಳು. ಮಕ್ಕಳು ಮಾತ್ರ ಹೊಸ ಕಾಲದವರು. ಆಗಿನ ಶಾಂಘೈನಲ್ಲಿ ಸಿಗರೇಟು, ಸೋಪು, ಔಷಧಗಳ ಜಾಹೀರಾತಿಗೆ ಅಂದದ ಹೆಣ್ಣುಮಕ್ಕಳ ಚಿತ್ರವಿರುವ ಕ್ಯಾಲೆಂಡರುಗಳನ್ನು ಅಚ್ಚುಹಾಕುತ್ತಿದ್ದರು. ಈ ಅಕ್ಕ-ತಂಗಿ ಅಂಥ ಚಿತ್ರಗಳಿಗೆ ರೂಪದರ್ಶಿಗಳು. ಚಿತ್ರ ಬರೆಯುವವನು ಝಡ್.ಜಿ. ಎಂಬ ಯುವಕ. ಪರ್ಲ್‌ಗೆ ಅವನ ಮೇಲೆ ಮನಸ್ಸಿದೆ, ಯಾರಿಗೂ ಹೇಳಿಲ್ಲ.

ಜಾತಕ ನೋಡುವ ನಮಗೆ ಅರ್ಥವಾಗುವ ಸಂಗತಿ ಒಂದಿದೆ. ಚೀನೀಯರು ಹುಟ್ಟಿದ ವರ್ಷಕ್ಕೊಂದು ಪ್ರಾಣಿಯನ್ನು ಹೇಳುತ್ತಾರೆ, ಹನ್ನೆರಡು ವರ್ಷಕ್ಕೊಂದು ಸುತ್ತು. ಪರ್ಲ್ ಡ್ರ್ಯಾಗನ್ ವರ್ಷದವಳು, ಗಟ್ಟಿಗಿತ್ತಿ. ಮೇ ಕುರಿಯ ವರ್ಷದವಳು, ಎಲ್ಲರೂ ಮುದ್ದು ಮಾಡಬೇಕಾದವಳು. ಅಮ್ಮ ಇದನ್ನು ಎಷ್ಟು ಸಲ ಹೇಳಿದ್ದಾಳೆಂದರೆ, ಮಕ್ಕಳಿಬ್ಬರೂ ಅದನ್ನೇ ತಮ್ಮ ಸ್ವಭಾವ ಎಂದು ಒಪ್ಪಿಕೊಂಡುಬಿಟ್ಟಿದ್ದಾರೆ. ನಮ್ಮಲ್ಲಿ ದೊಡ್ಡವಳು ಶಾಣ್ಯಾ, ಸಣ್ಣವಳು ಹುಡುಗಾಟದವಳು ಎಂದು ಮನೆಗೆ ಬಂದವರ ಎದುರಿಗೆ ಹೇಳಿ ಹೇಳಿ ಹಾಗೇ ಮಾಡಿಬಿಡುವುದಿಲ್ಲವೇ, ಹಾಗೆ.

ಒಂದು ದಿನ ಅಪ್ಪ ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದಾನೆ ಎಂದು ತಿಳಿಯುತ್ತದೆ. ಸಾಲ ಇರುವುದು ಶಾಂಘೈನ ಕುಖ್ಯಾತ ಗ್ರೀನ್ ಗ್ಯಾಂಗ್‌ಗೆ. ಅದನ್ನು ತೀರಿಸಲು ಮಕ್ಕಳಿಬ್ಬರನ್ನೂ ಅಮೆರಿಕದ ಲಾಸ್ ಏಂಜಲೀಸ್‌ನಿಂದ ಬಂದ ಲೂಯಿ ಎಂಬ ಮುದುಕನ ಗಂಡುಮಕ್ಕಳಿಗೆ ಕೊಟ್ಟುಬಿಡುತ್ತಾನೆ. ಪರ್ಲ್‌ಗೆ ಸ್ಯಾಮ್. ಮೇಗೆ ವರ್ನ್, ಇನ್ನೂ ಹದಿನಾಲ್ಕರ ಹುಡುಗ. ಹುಡುಗಿಯರು ಮದುವೆಯಾಗುತ್ತಾರೆ, ಆದರೆ ಹಡಗು ಹತ್ತುವುದಿಲ್ಲ.

ಅಷ್ಟರಲ್ಲಿ ಯುದ್ಧ ಬರುತ್ತದೆ. 1937ರ ಆಗಸ್ಟ್ 13ರಂದು ಶಾಂಘೈನಲ್ಲಿ ಚೀನಾ-ಜಪಾನ್ ಸೈನ್ಯಗಳ ಕಾಳಗ ಶುರುವಾಯಿತು. ಮರುದಿನ, ಶನಿವಾರ, ಜಪಾನಿನ ಯುದ್ಧನೌಕೆಗೆ ಗುರಿಯಿಟ್ಟ ಚೀನೀ ವಿಮಾನಗಳ ಬಾಂಬುಗಳೇ ಗುರಿ ತಪ್ಪಿ ಜನ ತುಂಬಿದ ಬೀದಿಗಳ ಮೇಲೆ ಬಿದ್ದವು. ನಮ್ಮ ಕಡೆಯವರಿಗೆ ಈ ಯುದ್ಧ ದೂರದ್ದೇನಲ್ಲ. ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ್ ಕೋಟ್ನಿಸ್ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರಾಗಿ ಚೀನಾಕ್ಕೆ ಹೋದದ್ದು ಇದೇ ಯುದ್ಧದ ಗಾಯಾಳುಗಳ ಸೇವೆಗೆ. 1942ರಲ್ಲಿ ಅಲ್ಲೇ ತೀರಿಕೊಂಡರು. ಶಾಂತಾರಾಮರ ಸಿನಿಮಾದಿಂದ ಅವರ ಹೆಸರು ಮಾತ್ರ ಗೊತ್ತಿದ್ದ ನನಗೆ, ಅವರು ಯಾವ ಊರುಗಳ ಯಾವ ಜನರಿಗಾಗಿ ಹೋದರು ಎಂಬುದು ಈ ಕಾದಂಬರಿ ಓದುವಾಗ ಕಣ್ಣಿಗೆ ಕಟ್ಟಿತು.

ಅಪ್ಪ ಕಾಣೆಯಾಗುತ್ತಾನೆ. ನಡೆಯಲಾಗದ ಪಾದಗಳ ಅಮ್ಮ ಮಕ್ಕಳಿಬ್ಬರನ್ನು ಕರೆದುಕೊಂಡು ಊರು ಬಿಡುತ್ತಾಳೆ. ದಾರಿಯಲ್ಲಿ ಒಂದು ಗುಡಿಸಲಿನಲ್ಲಿ ಅಡಗಿರುವಾಗ ಜಪಾನಿ ಸೈನಿಕರು ಬರುತ್ತಾರೆ. ಮಕ್ಕಳನ್ನು ಬಚ್ಚಿಟ್ಟು ಅಮ್ಮ ತಾನು ಅವರೆದುರು ಹೋಗುತ್ತಾಳೆ. ಅಮ್ಮನ ಕೂಗು ತಾಳಲಾರದೆ ಪರ್ಲ್ ಕೂಡ ಹೊರಗೆ ಬರುತ್ತಾಳೆ. ಮೇ ಅಡಗಿದಲ್ಲೇ ಇರುತ್ತಾಳೆ. ಮುಂದೆ ಆಗುವುದನ್ನು ಇಲ್ಲಿ ಬರೆಯಲು ನನಗೆ ಕೈ ಬರುತ್ತಿಲ್ಲ. ಅಮ್ಮ ಉಳಿಯುವುದಿಲ್ಲ. ಪರ್ಲ್‌ಗೆ ಎಚ್ಚರವಾದಾಗ ಅವಳು ಒಂದು ತಳ್ಳುಗಾಡಿಯಲ್ಲಿ ಮಲಗಿದ್ದಾಳೆ. ತಳ್ಳುತ್ತಿರುವವಳು ಮೇ.

ಈ ದೃಶ್ಯವನ್ನು ನೆನಪಿಟ್ಟುಕೊಳ್ಳಿ. ಇಪ್ಪತ್ತು ವರ್ಷ ಪರ್ಲ್ ಈ ದಿನವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾಳೆ: ನಾನು ಹೊರಗೆ ಬಂದೆ, ತಂಗಿ ಉಳಿದುಕೊಂಡಳು. ಕತೆಯನ್ನು ಹೇಳುತ್ತಿರುವವಳು ಪರ್ಲ್. ಹಾಗಾಗಿ ನಾವೂ ಅದನ್ನು ಹಾಗೇ ಇಟ್ಟುಕೊಂಡಿರುತ್ತೇವೆ. ತಳ್ಳುಗಾಡಿ ತಳ್ಳಿದ ಕೈಗಳನ್ನು ಮರೆತುಬಿಡುತ್ತೇವೆ.

ಬೇರೆ ದಾರಿಯಿಲ್ಲದೆ ಇಬ್ಬರೂ ಅಮೆರಿಕಕ್ಕೆ, ಗಂಡಂದಿರ ಮನೆಗೆ ಹೊರಡುತ್ತಾರೆ. ಇಲ್ಲಿಂದ ಮುಂದಿನ ಭಾಗವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಅದಕ್ಕೆ ಸ್ವಲ್ಪ ಇತಿಹಾಸ ಹೇಳಬೇಕು.

ಅಮೆರಿಕ 1882ರಲ್ಲಿ ಚೀನೀ ಕೂಲಿಕಾರರು ಒಳಗೆ ಬರಬಾರದೆಂದು ಕಾನೂನು ಮಾಡಿತು. ಒಂದು ದೇಶದ ಜನರ ಹೆಸರು ಹಿಡಿದೇ ಬಾಗಿಲು ಮುಚ್ಚಿದ ಕಾನೂನು. ಅದು ರದ್ದಾದದ್ದು 1943ರಲ್ಲಿ, ಚೀನಾ ಯುದ್ಧದಲ್ಲಿ ಮಿತ್ರದೇಶವಾದ ಮೇಲೆ. ಆಗಲೂ ವರ್ಷಕ್ಕೆ 105 ಜನರಿಗೆ ಮಾತ್ರ ಅವಕಾಶ. ಆದರೆ ಅಮೆರಿಕದಲ್ಲೇ ಹುಟ್ಟಿದ ಚೀನೀಯ ಅಲ್ಲಿನ ಪ್ರಜೆ, ಅವನ ಮಕ್ಕಳು ಚೀನಾದಲ್ಲಿ ಹುಟ್ಟಿದ್ದರೂ ಬರಬಹುದು. 1906ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಭೂಕಂಪವಾಗಿ, ಅದರ ಹಿಂದೆಯೇ ಬೆಂಕಿ ಎದ್ದು, ನಗರದ ಜನನ ದಾಖಲೆಗಳೆಲ್ಲ ಸುಟ್ಟುಹೋದವು. ಆಗ ಅನೇಕರು 'ನಾನು ಇಲ್ಲೇ ಹುಟ್ಟಿದ್ದು' ಎಂದರು. ಅಲ್ಲವೆಂದು ತೋರಿಸಲು ಕಾಗದವೇ ಇಲ್ಲ. ಅವರು ಊರಿಗೆ ಹೋಗಿ ಬಂದಾಗಲೆಲ್ಲ ತಮಗೊಬ್ಬ ಮಗ ಹುಟ್ಟಿದನೆಂದು ಬರೆಸಿದರು. ಹುಟ್ಟದ ಆ ಮಗನ ಜಾಗವನ್ನು ಬರಲು ಹಾತೊರೆಯುವ ಇನ್ಯಾರದೋ ಮಗನಿಗೆ ಮಾರಿದರು. ಇವರನ್ನು 'ಪೇಪರ್ ಸನ್' ಎನ್ನುತ್ತಿದ್ದರು, ಕಾಗದದ ಮಕ್ಕಳು. ಹೆಸರು ಬೇರೆ, ಅಪ್ಪ ಬೇರೆ, ಊರು ಬೇರೆ. ಸಾಯುವವರೆಗೆ ಆ ಹೆಸರಿನಲ್ಲೇ ಬದುಕಬೇಕು; ಕೆಲವೊಮ್ಮೆ ಹೆಂಡತಿ ಮಕ್ಕಳಿಗೂ ನಿಜ ಗೊತ್ತಿರುವುದಿಲ್ಲ.

ಸರಕಾರಕ್ಕೂ ಇದು ಗೊತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ಐಲ್ಯಾಂಡ್ ಎಂಬ ದ್ವೀಪದಲ್ಲಿ 1910ರಿಂದ 1940ರವರೆಗೆ ಒಂದು ತಪಾಸಣಾ ಕೇಂದ್ರವಿತ್ತು. ಬಂದ ಚೀನೀಯರನ್ನು ಅಲ್ಲಿ ಕೂಡಿಹಾಕಿ ವಿಚಾರಣೆ ಮಾಡುತ್ತಿದ್ದರು, ಕೆಲವರನ್ನು ದಿನಗಟ್ಟಲೆ, ಕೆಲವರನ್ನು ತಿಂಗಳುಗಟ್ಟಲೆ. ಗಂಡಸರ ಬಿಡಾರದ ಮರದ ಗೋಡೆಗಳ ಮೇಲೆ ಅವರು ಕೆತ್ತಿದ ಇನ್ನೂರಕ್ಕೂ ಹೆಚ್ಚು ಕವಿತೆಗಳು ಇವತ್ತಿಗೂ ಇವೆ. ಹೆಂಗಸರನ್ನು ಇಟ್ಟಿದ್ದ ಕಟ್ಟಡ 1940ರಲ್ಲಿ ಬೆಂಕಿಗೆ ಸಿಕ್ಕಿತು. ಅವರು ಗೋಡೆಯ ಮೇಲೆ ಏನಾದರೂ ಬರೆದಿದ್ದರೆ ಅದು ಉಳಿದಿಲ್ಲ.

ವಿಚಾರಣೆಯಲ್ಲಿ ಏನು ಕೇಳುತ್ತಿದ್ದರು ಗೊತ್ತೇ? ನಿಮ್ಮ ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ? ಮೆಟ್ಟಿಲು ಎಷ್ಟು? ಅಕ್ಕಿಯ ಡಬ್ಬ ಎಲ್ಲಿಡುತ್ತೀರಿ? ನಿಮ್ಮ ಸಾಲಿನಲ್ಲಿ ಮೂರನೆಯ ಮನೆಯಲ್ಲಿ ಯಾರಿದ್ದಾರೆ? ಇದೇ ಪ್ರಶ್ನೆಗಳನ್ನು ಮೊದಲೇ ಅಮೆರಿಕದಲ್ಲಿರುವ ಅಪ್ಪನಿಗೋ ಗಂಡನಿಗೋ ಕೇಳುತ್ತಿದ್ದರು. ಇಬ್ಬರ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದರು. ಹೊಂದದಿದ್ದರೆ ವಾಪಸ್ ಕಳಿಸಬಹುದು.

ಇದನ್ನು ಓದಿದಾಗ ಬಸ್ಸಿನಲ್ಲಿ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಹೊರಗೆ ನೋಡುತ್ತ ಕೂತೆ. ಇದು ನನ್ನದೇ ಕೆಲಸ. ಎರಡು ಕಡೆಯ ದಾಖಲೆ, ಸಾಲಿಗೆ ಸಾಲು ತಾಳೆ. ಒಂದೇ ವ್ಯತ್ಯಾಸ, ಇಲ್ಲಿ ಬ್ರೇಕ್ ಬಂದರೆ ಒಬ್ಬ ಮನುಷ್ಯ ಮತ್ತೆ ಹಡಗು ಹತ್ತಬೇಕು.

ಆಮೇಲೆ ಇನ್ನೊಂದು ಹೊಳೆಯಿತು. ಕಾಗದದ ಮಕ್ಕಳು ಬರುವ ಮೊದಲೇ ಪ್ರಶ್ನೋತ್ತರಗಳ ಪುಸ್ತಕವನ್ನು ಬಾಯಿಪಾಠ ಮಾಡಿ, ಅದನ್ನು ಹಡಗಿನಿಂದ ಸಮುದ್ರಕ್ಕೆ ಎಸೆದು ಬರುತ್ತಿದ್ದರು. ಸುಳ್ಳು ಅಪ್ಪನೂ ಸುಳ್ಳು ಮಗನೂ ಒಂದೇ ಪುಸ್ತಕ ಓದಿದ್ದಾರೆ. ಇಬ್ಬರೂ ಏಳು ಮೆಟ್ಟಿಲು ಎನ್ನುತ್ತಾರೆ. ನಿಜವಾದ ಅಪ್ಪ-ಮಗ ಯಾವ ಪುಸ್ತಕವನ್ನೂ ಓದಿಲ್ಲ. ಅಪ್ಪ ಆರು ಎನ್ನುತ್ತಾನೆ, ಮಗ ಎಂಟು ಎನ್ನುತ್ತಾನೆ. ಹೇಳಿದ್ದು ಒಂದೇ ಥರ ಇದ್ದರೆ ನಿಜ ಎಂದು ನಂಬಿದ ಆ ಪರೀಕ್ಷೆಯಲ್ಲಿ ಸುಳ್ಳು ಕುಟುಂಬ ಪಾಸಾಗಿ ನಿಜವಾದ ಕುಟುಂಬ ಫೇಲಾಗುವ ಸಾಧ್ಯತೆಯೇ ಹೆಚ್ಚು.

ಕಾದಂಬರಿಯಲ್ಲಿ ಅಕ್ಕ-ತಂಗಿ ಈ ಪರೀಕ್ಷೆಯನ್ನು ತಿರುಗಿಸಿ ಬಳಸುತ್ತಾರೆ. ಮೇ ಬಸುರಿ. ಗಂಡ ಹದಿನಾಲ್ಕರ ಹುಡುಗ, ಅವನು ಅವಳನ್ನು ಮುಟ್ಟಿಲ್ಲ ಎಂದು ಎಲ್ಲರಿಗೂ ಗೊತ್ತು. ಮಗು ಪರ್ಲ್‌ನದೇ ಎಂದು ತೋರಿಸಬೇಕು, ಅದೂ ಗಂಡನ ಮನೆ ಸೇರುವ ಮೊದಲು. ಹಾಗಾಗಿ ಇಬ್ಬರೂ ಬೇಕೆಂದೇ ಹೊಂದದ ಉತ್ತರ ಕೊಡುತ್ತ ವಿಚಾರಣೆಯನ್ನು ತಿಂಗಳುಗಟ್ಟಲೆ ಎಳೆಯುತ್ತಾರೆ. ಒಂದು ರಾತ್ರಿ ಅಧಿಕಾರಿಗಳ ಕಣ್ಣು ತಪ್ಪಿಸಿ ಮಗು ಹುಟ್ಟುತ್ತದೆ. ಹೆಣ್ಣು. ಹೆಸರು ಜಾಯ್. ಹೆತ್ತವಳು ಚಿಕ್ಕಮ್ಮನಾಗುತ್ತಾಳೆ, ಎತ್ತಿಕೊಂಡವಳು ತಾಯಿಯಾಗುತ್ತಾಳೆ.

ಲಾಸ್ ಏಂಜಲೀಸ್‌ನ ಬದುಕು ಅವರು ಕೇಳಿದ್ದಂತೆ ಇಲ್ಲ. ಶ್ರೀಮಂತ ಎಂದುಕೊಂಡಿದ್ದ ಮುದುಕ ಲೂಯಿಯದು ಪ್ರವಾಸಿಗರಿಗಾಗಿ ಕಟ್ಟಿದ 'ಚೈನಾ ಸಿಟಿ' ಎಂಬ ಜಾಗದಲ್ಲಿ ಕೆಲವು ಸಣ್ಣ ಅಂಗಡಿಗಳು. ಪರ್ಲ್‌ನ ಗಂಡ ಸ್ಯಾಮ್ ಅಲ್ಲಿ ಬಿಳಿಯರನ್ನು ಕೂರಿಸಿಕೊಂಡು ರಿಕ್ಷಾ ಎಳೆಯುತ್ತಾನೆ. ರಿಕ್ಷಾ ಮಾಲೀಕನ ಮಗಳು ರಿಕ್ಷಾ ಎಳೆಯುವವನ ಹೆಂಡತಿ. ಅವನೂ ಒಬ್ಬ ಕಾಗದದ ಮಗ ಎಂದು ಪರ್ಲ್‌ಗೆ ತಿಳಿಯುವುದು ಆಮೇಲೆ. ಸ್ಯಾಮ್ ಈ ಪುಸ್ತಕದ ಅತ್ಯಂತ ಒಳ್ಳೆಯ ಮನುಷ್ಯ. ಮಾತು ಕಡಿಮೆ, ಬೆನ್ನು ಬಾಗಿದ ದುಡಿಮೆ. ತನ್ನದಲ್ಲದ ಮಗಳಿಗಾಗಿ ಜೀವ ಬಿಡುವಷ್ಟು ಪ್ರೀತಿ.

ಕೊನೆಗೆ ಬಿಡುವುದೂ ಹಾಗೆಯೇ. 1956ರಲ್ಲಿ ಸರಕಾರ 'ತಪ್ಪೊಪ್ಪಿಗೆ'ಯ ಯೋಜನೆ ತಂದಿತು. ಸುಳ್ಳು ಕಾಗದದಲ್ಲಿ ಬಂದವರು ಒಪ್ಪಿಕೊಂಡರೆ ಇಲ್ಲೇ ಇರಲು ದಾರಿ ಮಾಡಿಕೊಡುತ್ತೇವೆ ಎಂದಿತು. ಆದರೆ ಒಬ್ಬ ಬಾಯಿಬಿಟ್ಟರೆ ಆ ಕಾಗದದ ಕುಟುಂಬದ ಅಷ್ಟೂ ಜನ ಸಿಕ್ಕಿಬೀಳುತ್ತಿದ್ದರು. ಚೀನಾ ಕಮ್ಯುನಿಸ್ಟ್ ಆಗಿದ್ದ ಕಾಲ, ಎಲ್ಲ ಚೀನೀಯರ ಮೇಲೂ ಅನುಮಾನ. ಕಾಲೇಜು ಸೇರಿದ ಜಾಯ್‌ಗೆ ಹೊಸ ಚೀನಾದ ಮೋಹ. ಅಧಿಕಾರಿಗಳು ಮನೆಗೆ ಬರತೊಡಗುತ್ತಾರೆ. ಒತ್ತಡ ತಾಳಲಾರದೆ ಸ್ಯಾಮ್ ನೇಣು ಹಾಕಿಕೊಳ್ಳುತ್ತಾನೆ.

ಆಗ ಅಕ್ಕ-ತಂಗಿಯ ಜಗಳ ನಡೆಯುತ್ತದೆ. ಇಡೀ ಕಾದಂಬರಿ ಇರುವುದೇ ಈ ಕೆಲವು ಪುಟಗಳಿಗಾಗಿ ಎಂದು ನನಗನ್ನಿಸಿತು.

ಅಧಿಕಾರಿಗಳ ಜೊತೆ ಮಾತನಾಡಿದ್ದು ಮೇ ಎಂದು ಪರ್ಲ್‌ಗೆ ತಿಳಿದಿದೆ. ಒಳ್ಳೆಯದಾಗಲಿ ಎಂದೇ ಮಾಡಿದೆ ಎನ್ನುತ್ತಾಳೆ ಮೇ. ಪರ್ಲ್ ಇಪ್ಪತ್ತು ವರ್ಷದ ಲೆಕ್ಕವನ್ನೆಲ್ಲ ತೆಗೆಯುತ್ತಾಳೆ: ಅಪ್ಪ-ಅಮ್ಮನಿಗೆ ನೀನೇ ಪ್ರೀತಿ, ನಿನಗಾಗಿ ನಾನು ಎಲ್ಲ ಬಿಟ್ಟೆ. ಆಗ ಮೇ ಮೊದಲ ಸಲ ಬಾಯಿ ತೆರೆಯುತ್ತಾಳೆ. ಕಾಲೇಜಿಗೆ ಕಳಿಸಿದ್ದು ಯಾರನ್ನು? ಅಪ್ಪ-ಅಮ್ಮ ತಮ್ಮ ಹಳ್ಳಿಯ ನುಡಿಯಲ್ಲಿ, ಮನೆಯ ಒಳಮಾತಿನಲ್ಲಿ ಮಾತನಾಡುತ್ತಿದ್ದದ್ದು ಯಾರ ಜೊತೆ? ನನ್ನ ಜೊತೆಯಲ್ಲ, ನಿನ್ನ ಜೊತೆ. ಝಡ್.ಜಿ. ಪ್ರೀತಿಸಿದ್ದು ತನ್ನನ್ನು, ಜಾಯ್ ಅವನ ಮಗಳು ಎಂಬುದೂ ಆಗಲೇ ಹೊರಗೆ ಬರುತ್ತದೆ. ಹೆತ್ತ ಮಗಳು ಕಣ್ಣೆದುರೇ ಇನ್ನೊಬ್ಬಳನ್ನು ಅಮ್ಮ ಎನ್ನುವುದನ್ನು ಇಷ್ಟು ವರ್ಷ ನೋಡಿದವಳು ಯಾರು? ಬಾಗಿಲ ಹಿಂದೆ ಜಾಯ್ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಬೆಳಗಾಗುವಷ್ಟರಲ್ಲಿ ಅವಳು ಅಪ್ಪನನ್ನು ಹುಡುಕಿ ಚೀನಾಕ್ಕೆ ಹೊರಟಿದ್ದಾಳೆ. ಅವಳನ್ನು ಕರೆತರಲು ಪರ್ಲ್ ಹೊರಡುವುದರೊಂದಿಗೆ ಪುಸ್ತಕ ಮುಗಿಯುತ್ತದೆ.

ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ಒಂದೇ ಮನೆಗೆ ಇಷ್ಟೊಂದು ಕಷ್ಟ ಬರುತ್ತದೆಯೇ ಎಂದು ಅಲ್ಲಲ್ಲಿ ಅನ್ನಿಸುತ್ತದೆ. ಚರಿತ್ರೆಯ ಯಾವ ಪೆಟ್ಟೂ ಈ ಕುಟುಂಬವನ್ನು ತಪ್ಪಿಸಿಕೊಂಡು ಹೋಗುವುದಿಲ್ಲ. ಆದರೆ ಲೇಖಕಿಗೆ ಈ ಲೋಕ ಹೊರಗಿನದಲ್ಲ. ಅವರ ಮುತ್ತಜ್ಜ ಫೋಂಗ್ ಸೀ ಲಾಸ್ ಏಂಜಲೀಸ್‌ನ ಚೈನಾಟೌನ್‌ನ ಹೆಸರಾಂತ ವ್ಯಾಪಾರಿ. ಆ ಮನೆತನದ ಕತೆಯನ್ನು ಅವರು 1995ರಲ್ಲಿ 'ಆನ್ ಗೋಲ್ಡ್ ಮೌಂಟನ್' ಎಂಬ ಪುಸ್ತಕವಾಗಿ ಬರೆದಿದ್ದಾರೆ. ಹಾಗಾಗಿ ಅಂಗಡಿಯ ಧೂಳು, ಅಡುಗೆಮನೆಯ ಮಾತು, ಕಾಗದಗಳ ಭಯ, ಎಲ್ಲವೂ ಮನೆಯಲ್ಲಿ ಕೇಳಿ ಬೆಳೆದವರ ಬರಹದಂತಿವೆ.

ಆದರೆ ನಾನು ಅತ್ತದ್ದು ಸ್ಯಾಮ್‌ಗಾಗಿ ಅಲ್ಲ. ಮುನ್ನೂರು ಪುಟ ನಾನು ಪರ್ಲ್‌ನ ಪಕ್ಕ ನಿಂತು ಮೇಯನ್ನು ಬೈದುಕೊಂಡಿದ್ದೆ. ಸ್ವಾರ್ಥಿ, ಸುಖಪುರುಷೆ, ಅಕ್ಕನ ಹೆಗಲ ಮೇಲೆ ಕೂತವಳು. ಕತೆ ಹೇಳುವ ಅಕ್ಕನ ಮಾತನ್ನು ಒಮ್ಮೆಯೂ ಅನುಮಾನಿಸಲಿಲ್ಲ. ಯಾಕೆಂದರೆ ನಾನೂ ಅಕ್ಕ. ನನ್ನ ಮನೆಯ ಕತೆಯನ್ನು ಹೇಳುವವಳೂ ನಾನೇ.

ನನ್ನ ತಂಗಿ ಧಾರವಾಡದಲ್ಲಿ ನಮ್ಮ ಹಳೆಯ ಮನೆಯಲ್ಲೇ ಅವ್ವನ ಜೊತೆ ಇದ್ದಾಳೆ. ಹೋದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಯಿತು. ನಾನು ಒಂದು ವಾರ ರಜೆ ಹಾಕಿ ಹೋಗಿ ಬಂದೆ. ಆಮೇಲೆ ದುಡ್ಡು ಕಳಿಸಿದೆ, ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿಕೋ ಎಂದೆ. ತಂಗಿ ಮಾಡಿಕೊಳ್ಳಲಿಲ್ಲ. ಫೋನಿನಲ್ಲಿ ಮಾತಿಗೆ ಮಾತು ಬೆಳೆಯಿತು. ಇಪ್ಪತ್ತೆರಡನೆಯ ವಯಸ್ಸಿನಿಂದ ಈ ಮನೆಯನ್ನು ಹೊತ್ತುಕೊಂಡು ಬಂದವಳು ನಾನು ಎಂದುಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನಿ ಹೊತ್ತಾಕಿ ನೀನs ಇರಬಹುದು ಅಕ್ಕಾ. ಅವ್ವನ್ನ ಹೊತ್ತಾಕಿ ನಾನು. ದಿನಾ ಎರಡು ಸಲ, ಬಚ್ಚಲಕ್ಕ" ಎಂದಳು.

ಅಂದಿನಿಂದ ನಮ್ಮ ಮಾತು ಔಷಧಿಯ ಹೆಸರು, ಡಾಕ್ಟರ ತಾರೀಖು, ಬ್ಯಾಂಕಿನ ಮೆಸೇಜಿಗೆ ನಿಂತಿತ್ತು. ಏಳು ತಿಂಗಳು.

ಪುಸ್ತಕ ಮುಗಿದ ದಿನ ರಾತ್ರಿ ಊಟವಾದ ಮೇಲೆ ಒಂದು ಹಾಳೆಯಲ್ಲಿ ಹತ್ತು ಪ್ರಶ್ನೆ ಬರೆದೆ. ನನ್ನ ಉತ್ತರಗಳನ್ನೂ ಬರೆದಿಟ್ಟೆ. ತಂಗಿಗೆ ಫೋನ್ ಮಾಡಿದೆ. ಹಲೋ ಎನ್ನುವ ಮೊದಲೇ, "ಅವ್ವ ಆರಾಮ ಇದ್ದಾಳ, ಈಗಷ್ಟ ಮಲಗ್ಯಾಳ" ಎಂದಳು. ಅದಕ್ಕಲ್ಲ, ಒಂದು ಪುಸ್ತಕ ಓದಿದೆ, ಅದರಲ್ಲಿ ಹೀಗೆ ಕೇಳುತ್ತಾರೆ, ನೀನು ಉತ್ತರ ಹೇಳು ಎಂದೆ. ನಮ್ಮ ಮನೆಯ ಮುಂದೆ ಮೆಟ್ಟಿಲು ಎಷ್ಟು?

"ಪಾವಟಿಗಿ ಅನ್ನು. ಪುಣೇಕ್ಕ ಹೋಗಿ ಮೆಟ್ಟಿಲು ಆತೇನು? ಆರು."

ನಾನು ಐದು ಎಂದು ಬರೆದಿದ್ದೆ. ಐದೇ ಎಂದೆ.

"ಕೆಳಗಿಂದು ಅರ್ಧ ಮಣ್ಣಾಗ ಮುಚ್ಚೇದ. ದಿನಾ ಕಸಾ ಹೊಡದು ರಂಗೋಲಿ ಹಾಕೋಕಿ ನಾನು, ನನಗ ಗೊತ್ತಿಲ್ಲೇನು?"

ಜೋಳದ ಚೀಲ ಎಲ್ಲಿಡುತ್ತಿದ್ದರು? ನಾನು ಅಡುಗೆಮನೆಯ ಬಾಗಿಲ ಹಿಂದೆ ಎಂದು ಬರೆದಿದ್ದೆ, ಅವಳು ಪಡಸಾಲೆಯ ಮೂಲೆ ಎಂದಳು. ವಿಚಾರಿಸಿದರೆ, ನಾನು ಎಂ.ಸಿ.ಎ. ಓದಲು ಹಾಸ್ಟೆಲಿಗೆ ಹೋದ ಮೇಲೆ ಇಲಿಯ ಕಾಟಕ್ಕೆ ಜಾಗ ಬದಲಾಗಿತ್ತು. ಇಬ್ಬರದೂ ಖರೆ. ನನ್ನ ಮನೆ ನಾನು ಬಿಟ್ಟ ದಿನಕ್ಕೆ ನಿಂತುಹೋಗಿದೆ, ಅವಳದು ಆಮೇಲೂ ನಡೆದಿದೆ. ಮೂರನೆಯ ಮನೆಯಲ್ಲಿದ್ದ ಮಾಸ್ತರರ ಹೆಂಡತಿಯ ಹೆಸರು ಇಬ್ಬರಿಗೂ ನೆನಪಾಗಲಿಲ್ಲ. ಬಾವಿಯ ರಾಟೆಯ ಸದ್ದು ಇಬ್ಬರಿಗೂ ನೆನಪಿತ್ತು. ಹತ್ತರಲ್ಲಿ ನಾಲ್ಕು ಹೊಂದಿದವು. ಏಂಜೆಲ್ ಐಲ್ಯಾಂಡಿನಲ್ಲಾಗಿದ್ದರೆ ನೀವು ಅಕ್ಕ-ತಂಗಿಯರೇ ಅಲ್ಲ ಎಂದು ನಮ್ಮನ್ನು ವಾಪಸ್ ಕಳಿಸುತ್ತಿದ್ದರು ಎಂದೆ. ಅವಳು ನಕ್ಕಳು. ಆ ನಗು ಕೇಳಿ ಏಳು ತಿಂಗಳಾಗಿತ್ತು.

ಕೊನೆಯ ಪ್ರಶ್ನೆಯನ್ನು ಕೇಳಲೋ ಬೇಡವೋ ಎಂದು ಯೋಚಿಸಿ ಕೇಳಿದೆ. ರಾತ್ರಿ ಅವ್ವನ ಪಕ್ಕ ಯಾರು ಇರುತ್ತಿದ್ದರು? ನನ್ನ ಹಾಳೆಯಲ್ಲಿ ಇದ್ದ ಉತ್ತರ: ನೀನು. ಸಣ್ಣವಳೆಂದು ಅವ್ವನ ಸೆರಗು ಹಿಡಿದು ಮಲಗುವ ಹಕ್ಕು ಅವಳದಾಗಿತ್ತು. ನನ್ನ ಬಾಲ್ಯದ ದೊಡ್ಡ ಹೊಟ್ಟೆಕಿಚ್ಚು ಅದೇ.

"ನೀನು" ಎಂದಳು ತಂಗಿ.

"ನೀ ಓದಕೋತ ಕೂಡ್ತಿದ್ದಿ. ಅವ್ವ ನಿನ್ನ ಬಾಜೂ ಕೂತು ಬತ್ತಿ ಹೊಸೀತಿದ್ಲು, ಹನ್ನೆರಡು ಹೊಡಿಯೋತನಕ. ನಾ ಒಬ್ಬಾಕಿನ ಒಳಗ ಮಲಗಿರ್ತಿದ್ದೆ. ನೀವಿಬ್ರೂ ಮಾತಾಡೋದು ಕೇಳಸ್ತಿತ್ತು. ಏನು ಮಾತಾಡ್ತೀರಿ ಅಂತ ತಿಳೀತಿರಲಿಲ್ಲ."

ನಾನು ಹಾಳೆ ನೋಡಿದೆ. ಅವಳು ಹೇಳಿದ್ದೂ ಸುಳ್ಳಲ್ಲ. ಆ ಬತ್ತಿ, ಆ ಬುಟ್ಟಿ, ಅವ್ವನ ಆಕಳಿಕೆ ನನಗೂ ನೆನಪಿದೆ. ನಾನು ಅದನ್ನು ಓದಿನ ಕಷ್ಟದ ಲೆಕ್ಕದಲ್ಲಿ ಬರೆದುಕೊಂಡಿದ್ದೆ, ಪ್ರೀತಿಯ ಲೆಕ್ಕದಲ್ಲಿ ಅಲ್ಲ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಓದಿಸಿದ್ದು ನನ್ನನ್ನು. ಆ ಸಾಲ ತೀರಿಸಿದ್ದು ನನಗೆ ನೆನಪಿದೆ. ಅದು ನನಗಾಗಿ ಮಾಡಿದ ಸಾಲ ಎಂಬುದು ನೆನಪಿರಲಿಲ್ಲ.

ತಪ್ಪಾಯಿತು ಎಂದೆ. ಅದನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ. ಅವಳಿಗೆ ಅಂಥ ಮಾತು ಸೇರುವುದಿಲ್ಲ. "ಅದ್ಯಾವ ಪುಸ್ತಕ?" ಎಂದಳು. ಕಳಿಸುತ್ತೇನೆ, ಓದು ಎಂದೆ. "ಇಂಗ್ಲಿಷಿನ ದಪ್ಪ ಪುಸ್ತಕ ನನಗ ಬ್ಯಾಡ. ನೀನs ಹೇಳು."

ಹೇಳಿದೆ. ಕ್ಯಾಲೆಂಡರ್ ಹುಡುಗಿಯರು, ಜೂಜಿನ ಅಪ್ಪ, ಗುಡಿಸಲು, ದ್ವೀಪ, ಕೂಸು, ಸ್ಯಾಮ್. ಹನ್ನೊಂದೂವರೆಯಾಯಿತು. ನಡುವೆ ಅವ್ವನಿಗೆ ನೀರು ಕೊಟ್ಟು ಬಂದಳು. ಅಕ್ಕ ಹೀಗೆ ಮಾಡಿದಳು, ಅಕ್ಕನಿಗೆ ಹೀಗಾಯಿತು ಎಂದು ನಾನು ಹೇಳುತ್ತಲೇ ಇದ್ದೆ. ಅವಳು ತಡೆದು ಕೇಳಿದಳು:

"ಅದಕ್ಕ ಸಣ್ಣಾಕಿ ಏನಂತಾಳ?"

ನನಗೆ ಉತ್ತರ ಇರಲಿಲ್ಲ. ಕತೆ ಪರ್ಲ್ ಹೇಳುವುದು; ಮೇ ಮಾತನಾಡುವುದು ಅವಳ ಬಾಯಿಂದಲೇ. 2011ರಲ್ಲಿ ಇದರ ಮುಂದಿನ ಭಾಗ 'ಡ್ರೀಮ್ಸ್ ಆಫ್ ಜಾಯ್' ಬಂದಿದೆ. ಅದನ್ನು ಮಗಳು ಜಾಯ್ ಮತ್ತು ಪರ್ಲ್ ಒಬ್ಬರಾದ ಮೇಲೆ ಒಬ್ಬರು ಹೇಳುತ್ತಾರೆ. ಅಲ್ಲೂ ಮೇಗೆ ಸರದಿ ಬಂದಿಲ್ಲ.

ಮುಂದಿನ ತಿಂಗಳು ಹತ್ತು ದಿನ ರಜೆ ಬರೆದಿದ್ದೇನೆ. ಆ ಹತ್ತು ದಿನ ಅವ್ವನನ್ನು ಬಚ್ಚಲಿಗೆ ಕರೆದೊಯ್ಯುವವಳು ನಾನು. ತಂಗಿಗೆ ಎಲ್ಲಿಗಾದರೂ ಹೋಗಿ ಬಾ ಎಂದಿದ್ದೇನೆ. ಎಲ್ಲಿಗೆ ಹೋಗಲಿ ಎಂದು ಅವಳಿನ್ನೂ ಯೋಚಿಸುತ್ತಿದ್ದಾಳೆ. ಮನೆಯ ಮುಂದೆ ಮಣ್ಣು ಸರಿಸಿ ಆ ಆರನೆಯ ಪಾವಟಿಗೆಯನ್ನೂ ನೋಡಬೇಕು. ನಿಮಗೂ ಊರಿನಲ್ಲಿ ಅಕ್ಕನೋ ತಂಗಿಯೋ ಅಣ್ಣನೋ ತಮ್ಮನೋ ಇದ್ದರೆ ಈ ಭಾನುವಾರ ಫೋನ್ ಮಾಡಿ ಕೇಳಿ, ಮೆಟ್ಟಿಲು ಎಷ್ಟು ಎಂದು. ಲೆಕ್ಕ ಹೊಂದದಿದ್ದರೆ ಅವರು ತಪ್ಪು ಎನ್ನಲು ಅವಸರ ಮಾಡಬೇಡಿ.